ಪಿತ್ತಕೋಶ ಉಳಿಸಿದ ಮಂಡಿನೋವು

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. ಸರ್ಕಾರ ನನ್ನನ್ನು ಇದೇ ಸರದಿಯಲ್ಲಿ ನಾಲ್ಕು ತಾಲ್ಲೂಕು ಸುತ್ತಿಸಿ, ಕೊನೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿತು. ಯಾವಾಗ ಯಾವ ಹುದ್ದೆ, ಯಾವಾಗ ಬಡ್ತಿ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಇದುವರೆಗೆ ಯಾರೂ ನಕ್ಕಿಲ್ಲ, ಯಾರೂ ಏನನ್ನೂ ಕಲಿತಿಲ್ಲ. ಹೊಸದಾಗಿ ಕೊರಳಿಗೆ ಸ್ಟೆತೊಸ್ಕೋಪ್ ಹಾಕಿಕೊಂಡಿರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದು ಒಂದು ಕ್ರಿಮಿಯ ವಿಚಾರ. ಅದರ ಹೆಸರು ಕ್ಲಮಿಡಿಯಾ. ಕಾಲೇಜಿನಲ್ಲಿ ನಮಗೆ ಅದನ್ನು ಗುಪ್ತರೋಗಗಳ ಪಾಠದಲ್ಲಿ ಅರ್ಧ ಪುಟ ಹೇಳಿ ಮುಗಿಸಿದ್ದರು. ಅದು ಆ ಅರ್ಧ ಪುಟದೊಳಗೇ ತೆಪ್ಪಗೆ ಇದ್ದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಇಲ್ಲಿ ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ರೋಗಿಗಳ ಹೆಸರು ಬದಲಿಸಿದ್ದೇನೆ. ತಪ್ಪುಗಳು ಮಾತ್ರ ನನ್ನ ಹೆಸರಿನಲ್ಲೇ ಇರಲಿ.

ಮೊದಲ ತಪ್ಪು ನಾಗಮಂಗಲ ತಾಲ್ಲೂಕಿನದು. ದೇವಲಾಪುರದ ಕಡೆಯ ಒಬ್ಬ ಅಜ್ಜಿ ಎಂಟು ದಿನದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಎರಡೂ ಕಣ್ಣು ಕೀವು ಕಟ್ಟಿ ಅಂಟಿಕೊಂಡಿದ್ದವು. ನಾನು ಕಣ್ಣಿಗೆ ಡ್ರಾಪ್ಸ್ ಬರೆದುಕೊಟ್ಟೆ. ವಾಸಿಯಾಗಲಿಲ್ಲ. ಬೇರೆ ಡ್ರಾಪ್ಸ್ ಕೊಟ್ಟೆ. ನಿಧಾನಕ್ಕೆ ಕೀವು ನಿಂತು ಕಣ್ಣು ಪಿಳಿಪಿಳಿ ಬಿಟ್ಟಿತು. ಹೊಸ ಡಾಕ್ಟರಿಗೆ ಅಷ್ಟು ಸಾಲದೇ? ನಾನು ಒಂದು ವಾರ ನೆಲದ ಮೇಲೆ ನಡೆಯಲೇ ಇಲ್ಲ.

ಒಂದೂವರೆ ತಿಂಗಳಾದ ಮೇಲೆ ಅದೇ ಅಜ್ಜಿ, ಅದೇ ಮಗು. ಈ ಸಲ ಕೆಮ್ಮು. ಮಾಮೂಲಿ ಕೆಮ್ಮಲ್ಲ. ಒಂದು ಚಿಕ್ಕ ಕೆಮ್ಮು, ಒಂದು ಉಸಿರು, ಮತ್ತೊಂದು ಕೆಮ್ಮು, ಮತ್ತೊಂದು ಉಸಿರು, ಯಾರೋ ಬೆರಳಿನಿಂದ ತಗಡು ಬಡಿದ ಹಾಗೆ. ಜ್ವರವಿಲ್ಲ. ಹಾಲು ಕುಡಿಯುತ್ತಿದೆ, ಉಸಿರು ಮಾತ್ರ ಜೋರು. ನನಗೆ ದಿಕ್ಕು ತೋಚದೆ ತಾಲ್ಲೂಕಿನ ಮಕ್ಕಳ ಹಿರಿಯ ವೈದ್ಯೆಯ ಬಳಿಗೆ ನಾನೇ ಮಗುವನ್ನು ಕರೆದುಕೊಂಡು ಹೋದೆ. ಅವರು ಕೆಮ್ಮನ್ನು ಎರಡೇ ಸಲ ಕೇಳಿ, "ಹುಟ್ಟಿದ ಹೊಸತರಲ್ಲಿ ಕಣ್ಣಲ್ಲಿ ಕೀವು ಬಂದಿತ್ತಾ?" ಎಂದರು.

"ಬಂದಿತ್ತು ಮೇಡಂ. ನಾನೇ ವಾಸಿ ಮಾಡಿದೆ," ಎಂದೆ, ಎದೆಯುಬ್ಬಿಸಿ.

"ನೀನು ಕಣ್ಣು ಒರೆಸಿದ್ದೀಯಮ್ಮ, ವಾಸಿ ಮಾಡಿಲ್ಲ."

ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬಂದ ಕ್ರಿಮಿ ಅದು. ಕಣ್ಣಿಗೆ ಹತ್ತಿದ್ದು ಮೂಗಿನ ಹಿಂದೆಯೂ ಕೂತಿರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಡ್ರಾಪ್ಸ್ ಅಷ್ಟು ದೂರ ಹೋಗುವುದಿಲ್ಲ. ಬಾಯಿಂದಲೇ ಔಷಧ ಕೊಡಬೇಕು. ಅಷ್ಟೇ ಅಲ್ಲ, ತಾಯಿಗೂ ತಂದೆಗೂ ಕೊಡಬೇಕು. ಅಜ್ಜಿಗೆ ಇದು ಅರ್ಥವಾಗಲೇ ಇಲ್ಲ. "ಕೆಮ್ತಾ ಇರೋದು ಕೂಸು, ಮಾತ್ರೆ ನನ್ ಅಳೀನ್ಗ್ಯಾಕವ್ವ?" ಎಂದು ಕೇಳಿದಳು. ನನಗೂ ಅವತ್ತು ಪೂರ್ತಿ ಅರ್ಥವಾಗಿರಲಿಲ್ಲ. ಮಗು ಹತ್ತು ಹದಿನೈದು ದಿನದಲ್ಲಿ ಚೇತರಿಸಿಕೊಂಡಿತು. ಕಣ್ಣಿನವರು ಕಣ್ಣು, ಎದೆಯವರು ಎದೆ ಎಂದು ನೋಡುತ್ತಾ ಕೂತರೆ ನಡುವಿನ ದಾರಿಯಲ್ಲಿ ಓಡಾಡುವವರು ಕಾಣುವುದಿಲ್ಲ ಎಂಬುದಷ್ಟು ನನ್ನ ತಲೆಗೆ ಹೋಯಿತು.

ಈಗ ಅಸಲಿ ಸಂಗತಿಗೆ ಬರುತ್ತೇನೆ. ಅದು ನಡೆದದ್ದು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ.

ಸಂತೆಬಾಚಹಳ್ಳಿ ಹೋಬಳಿಯ ಒಂದು ಊರಿನಿಂದ ಸವಿತ ಎಂಬ ಇಪ್ಪತ್ನಾಲ್ಕರ ಹೆಣ್ಣುಮಗಳು ದಾಖಲಾಗಿದ್ದಳು. ಬಲ ಪಕ್ಕೆಯ ಕೆಳಗೆ ಚುಚ್ಚಿದಂತೆ ನೋವು. ದೀರ್ಘವಾಗಿ ಉಸಿರೆಳೆದರೆ ಜಾಸ್ತಿ, ಕೆಮ್ಮಿದರೆ ಜಾಸ್ತಿ, ನಕ್ಕರೂ ಜಾಸ್ತಿ. ಸ್ಕ್ಯಾನಿನಲ್ಲಿ ಪಿತ್ತಕೋಶದೊಳಗೆ ಕಲ್ಲಿರಲಿಲ್ಲ, ತಳದಲ್ಲಿ ಒಂದಿಷ್ಟು ಬಗ್ಗಡ ಇದ್ದಂತೆ ಕಂಡಿತ್ತು. ನಮ್ಮ ಸರ್ಜನ್ ಸಾಹೇಬರಿಗೆ ಪಿತ್ತಕೋಶವೆಂದರೆ ಪಂಚಪ್ರಾಣ, ಅಂದರೆ ತೆಗೆಯುವುದಕ್ಕೆ. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಸಿಡುಕು ಮೋರೆ. ಗುರುವಾರ ಬೆಳಿಗ್ಗೆ ಆಪರೇಷನ್ ಎಂದು ಬರೆದಿಟ್ಟಿದ್ದರು. ಬುಧವಾರ ಅವಳಿಗೆ ಫಿಟ್ನೆಸ್ ಬರೆಯುವ ಕೆಲಸ ನನ್ನದು.

ನಾಡಿ, ರಕ್ತದೊತ್ತಡ, ಎದೆ ಎಲ್ಲ ನೋಡಿದೆ. ಸರಿಯಿತ್ತು. ಸಹಿ ಹಾಕಲು ಪೆನ್ನು ತೆಗೆದೆ. ಬಾಗಿಲ ಹೊರಗಿನ ಬೆಂಚಿನಲ್ಲಿ ಅವಳ ಗಂಡ ಕೂತಿದ್ದ. ಮಂಜೇಗೌಡ, ಡೇರಿಯ ಹಾಲಿನ ವ್ಯಾನು ಓಡಿಸುವವನು. ಒಂದು ಕಾಲು ಮಡಿಸಿದ್ದ, ಇನ್ನೊಂದನ್ನು ನೇರವಾಗಿ ಚಾಚಿದ್ದ. ಹೋಗಿಬರುವವರೆಲ್ಲ ಆ ಕಾಲು ದಾಟಿಕೊಂಡು ಬೈದುಕೊಂಡು ಹೋಗುತ್ತಿದ್ದರು. ಪ್ಯಾಂಟಿನೊಳಗೆ ಮಂಡಿ ಪಪ್ಪಾಯಿಯ ಹಾಗೆ ಉಬ್ಬಿತ್ತು.

"ಏನಪ್ಪಾ ಮಂಡಿಗೆ?"

"ಹಾಲಿನ್ ಕ್ಯಾನ್ ಎತ್ತುವಾಗ ಉಳುಕ್ಬುಡ್ತು ಮೇಡಂ. ಮೂಳೆ ಡಾಕ್ಟ್ರುಗೆ ತೋರ್ಸಿವ್ನಿ. ನೀರು ತುಂಬ್ಕಂಡದೆ ಅಂದ್ರು."

ಅವನು ತಲೆಯೆತ್ತಿದಾಗ ಎಡಗಣ್ಣು ಕೆಂಪಗಿರುವುದು ಕಂಡಿತು.

"ಕಣ್ಣು?"

"ದೂಳ್ ಬಿದ್ದಿರ್ಬೇಕು."

"ಬೆಳಿಗ್ಗೆ ಎದ್ದು ನೆಲಕ್ಕೆ ಕಾಲೂರಿದರೆ ಹಿಮ್ಮಡಿ ನೋಯುತ್ತಾ?"

ಅವನು ನನ್ನನ್ನು ಒಂದು ಥರ ನೋಡಿದ. "ಊ ಕಣ್ ಮೇಡಂ. ಮುಳ್ ಚುಚ್ದಂಗಾಯ್ತದೆ."

ಮಂಡಿಗೆ ಒಬ್ಬ ಡಾಕ್ಟರು, ಕಣ್ಣಿಗೆ ಮೆಡಿಕಲ್ ಸ್ಟೋರು, ಹಿಮ್ಮಡಿಗೆ ಯಾರೂ ಇಲ್ಲ. ಅವನನ್ನು ಒಳಗೆ ಕರೆದು ಬಾಗಿಲು ಹಾಕಿ ಮೆಲ್ಲಗೆ ಕೇಳಿದೆ: "ಒಂದು ತಿಂಗಳ ಹಿಂದೆ ಉರಿಮೂತ್ರ ಆಗಿತ್ತಾ?"

ಮಂಜೇಗೌಡನ ಮುಖ ಕಣ್ಣಿಗಿಂತ ಕೆಂಪಗಾಯಿತು.

"ಅದ್ನ ಯಾರೇಳುದ್ರು ನಿಮ್ಗೆ?"

ಮಂಡಿ ಹೇಳಿತು ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಕೆಲವರಿಗೆ ಈ ಕ್ರಿಮಿ ಮೂತ್ರನಾಳಕ್ಕೆ ಹತ್ತಿ ವಾರಗಳಾದ ಮೇಲೆ ದೇಹ ಅದರ ಮೇಲಿನ ಸಿಟ್ಟನ್ನು ಕೀಲಿನ ಮೇಲೆ, ಕಣ್ಣಿನ ಮೇಲೆ ತೀರಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದೆ, ಎದುರಿಗೆ ಕಂಡಿರಲಿಲ್ಲ. ಇವನದು ಅದೇ ಆದರೆ ಒಳಗೆ ಮಲಗಿರುವ ಇವನ ಹೆಂಡತಿಯದು? ಹೆಂಗಸರಲ್ಲಿ ಗರ್ಭಕೋಶದ ದಾರಿಯಲ್ಲಿ ಹತ್ತಿದ ಸೋಂಕು ಅಪರೂಪಕ್ಕೆ ಹೊಟ್ಟೆಯೊಳಗೆ ಮೇಲೇರಿ ಯಕೃತ್ತಿನ ಹೊದಿಕೆಯನ್ನು ಹುಣ್ಣಾಗಿಸುತ್ತದೆ. ನೋವು ಬರುವುದು ಥೇಟ್ ಪಿತ್ತಕೋಶದ ಜಾಗದಲ್ಲಿ. ತೆಗೆದುಬಿಟ್ಟರೆ ತಪ್ಪಿಲ್ಲದ ಪಿತ್ತಕೋಶ ಹೋಗುತ್ತದೆ, ಕ್ರಿಮಿ ಉಳಿಯುತ್ತದೆ. ಉಳಿದು, ಮಕ್ಕಳಾಗುವ ನಾಳವನ್ನೇ ಮುಚ್ಚಿಹಾಕಬಹುದು. ಸವಿತಳಿಗೆ ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ವಯಸ್ಸು ನಲವತ್ತು ದಾಟಿತ್ತು, ಉಟ್ಟದ್ದು ಗಂಜಿ ಹಾಕಿದ ಕಾಟನ್ ಸೀರೆ. ಆದರೂ ಕಾರಿಡಾರಿನಲ್ಲಿ ಓಡಿದೆ. ಸರ್ಜನ್ ಸಾಹೇಬರು ದೂರದಲ್ಲಿ ಲೋಟ ಹಿಡಿದು ಕಾಫಿ ಊದುತ್ತಿದ್ದರು. ಅಲ್ಲಿಂದಲೇ ಕೂಗಿದೆ: "ಸರ್, ಕ್ಲಮಿಡಿಯಾ! ಸವಿತಾದು ಪಿತ್ತಕೋಶ ಅಲ್ಲ ಸರ್, ಕ್ಲಮಿಡಿಯಾ! ಗಂಡನ ಮಂಡಿ ನೋಡಿದೆ!"

ಇದು ನನ್ನ ಎರಡನೆಯ ತಪ್ಪು. ಅದರ ಫಲ ಆಮೇಲೆ ಹೇಳುತ್ತೇನೆ.

ಸಾಹೇಬರು ಲೋಟ ಕೆಳಗಿಟ್ಟರು. "ಗಂಡನ ಮಂಡಿ ನೋಡಿ ಹೆಂಡ್ತಿ ಆಪರೇಷನ್ ನಿಲ್ಲಿಸಬೇಕಾ? ನಾಳೆ ಮಾವನ ಮೂಗು ನೋಡಿ ಸೊಸೆ ಹೆರಿಗೆ ನಿಲ್ಲಿಸ್ತೀರಾ?"

"ಬೇಕಾದರೆ ನಿಲ್ಲಿಸ್ತೀನಿ ಸರ್," ಎಂದೆ. ಅಷ್ಟು ಹುಮ್ಮಸ್ಸು ಬಂದುಬಿಟ್ಟಿತ್ತು.

ಅವರು ಮೀಸೆಯೊಳಗೆ ನಕ್ಕರೋ ಬೈದರೋ ತಿಳಿಯಲಿಲ್ಲ. "ಪಿತ್ತಕೋಶ ಎಲ್ಲಿಗೂ ಓಡಿಹೋಗಲ್ಲ. ಒಂದು ವಾರ ಕೊಡ್ತೀನಿ. ನೋವು ಹೆಚ್ಚಾದರೆ ಅವತ್ತೇ ಕತ್ತರಿ ಹಾಕ್ತೀನಿ," ಎಂದರು.

ಸವಿತಳನ್ನು ಪರದೆಯ ಹಿಂದೆ ಕೂರಿಸಿಕೊಂಡು ಕೇಳಿದೆ. ಮೂರು ವಾರದ ಹಿಂದೆ ಕಿಬ್ಬೊಟ್ಟೆ ನೋವಿತ್ತಂತೆ, ಬಿಳಿಮುಟ್ಟು ಹೆಚ್ಚಾಗಿತ್ತಂತೆ. "ಯಾಕಮ್ಮ ಮೊದಲೇ ಹೇಳಲಿಲ್ಲ?" ಎಂದರೆ, "ಎಲ್ರೂವೆ ಪಕ್ಕೆ ಕೇಳುದ್ರು, ಪಕ್ಕೆ ಏಳ್ದೆ. ಇದ್ನ ಯಾರೂ ಕೇಳ್ನಿಲ್ವಲ್ಲ ಮೇಡಂ," ಎಂದಳು. ಪರೀಕ್ಷೆ ಮಾಡಿದಾಗ ಗರ್ಭಕೋಶದ ಬಾಯಿ ಮುಟ್ಟಿದರೆ ನೋವು. ಬಸುರಿಯಲ್ಲವೆಂದು ಖಾತ್ರಿ ಮಾಡಿಕೊಂಡು ಅವತ್ತೇ ಇಂಜೆಕ್ಷನ್ನು, ಎರಡು ವಾರದ ಮಾತ್ರೆ ಶುರು ಮಾಡಿದೆವು. ವರದಿಗೆ ಕಾಯುತ್ತಾ ಕೂರುವ ಕಾಯಿಲೆ ಇದಲ್ಲ.

ಸ್ಯಾಂಪಲ್ಲು ಕಳಿಸುವ ಕೆಲಸ ಲ್ಯಾಬಿನ ನಯಾಜನದು. ಹಿಂದೆಲ್ಲ ಈ ಕ್ರಿಮಿಯನ್ನು ಹಿಡಿಯುವ ಪರೀಕ್ಷೆ ನಮ್ಮಂಥ ಊರುಗಳಿಗೆ ಸಿಗುತ್ತಲೇ ಇರಲಿಲ್ಲ, ಅಂದಾಜಿನಲ್ಲೇ ಮದ್ದು. ಆಗಷ್ಟೇ ಮೈಸೂರಿನಲ್ಲಿ ಹೊಸ ಪರೀಕ್ಷೆ ಬಂದಿತ್ತು. ನಯಾಜ್ ಗಂಡನ ಮೂತ್ರ, ಹೆಂಡತಿಯ ಸ್ವಾಬು ಎರಡನ್ನೂ ಐಸಿನ ಡಬ್ಬಿಯಲ್ಲಿಟ್ಟು, ಮೈಸೂರಿನ ಬಸ್ಸಿನ ಕಂಡಕ್ಟರಿಗೆ, "ಭಾಯ್, ಸೀದಾ ಹಿಡ್ಕೋ, ಅಲ್ಲಾಡಿಸ್ಬೇಡ," ಎಂದು ಮಗುವಿನಂತೆ ಒಪ್ಪಿಸಿ ಬಂದ.

ಇನ್ನು ನನ್ನ ಕೂಗಿನ ಫಲ. ಸವಿತಳ ಅತ್ತೆ ಚಿಕ್ಕತಾಯಮ್ಮ ಕಾರಿಡಾರಿನ ಕೊನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಅರ್ಧಂಬರ್ಧ. ಮಾರನೆಯ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಡಾಕ್ಟ್ರವ್ವ, ಯಾರದು ಕಮಲಿದೇವಿ?"

"ಯಾವ ಕಮಲಿದೇವಿ?"

"ನೀವೇ ನೆನ್ನೆ ಕೂಗುದ್ರಲ್ಲ! ಸವಿತಂದು ಪಿತ್ತಕೋಸ ಅಲ್ಲ, ಕಮಲಿದೇವಿ, ಗಂಡ ನೋಡವ್ನೆ ಅಂತವ. ನಮ್ ಪಕ್ಕದೂರ್ ಡೇರೀಲಿ ಒಬ್ಳು ಕಮಲಿ ಅವ್ಳೆ, ಹಾಲು ಅಳೀತಾಳೆ. ಅವ್ಳೇಯಾ? ಏಳಿ, ಈಗ್ಲೇ ಓಗಿ ಜುಟ್ಟು ಇಡ್ಕತೀನಿ!"

ನನಗೆ ನಗು ಉಕ್ಕಿ ಬಂತು, ಬಂದಷ್ಟೇ ಬೇಗ ಇಂಗಿತು. ಯಾವ ಪಾಪವನ್ನೂ ಅರಿಯದ ಒಬ್ಬ ಹೆಣ್ಣಿನ ಮಾನ ನನ್ನ ಒಂದು ಕೂಗಿನಿಂದ ಹತ್ತು ಊರಿನ ಬಾಯಿಗೆ ಬೀಳುವುದರಲ್ಲಿತ್ತು. ಚಿಕ್ಕತಾಯಮ್ಮನ ಎರಡೂ ಕೈ ಹಿಡಿದು ಕೂರಿಸಿದೆ.

"ಅದು ಹೆಂಗಸಲ್ಲ ಕಣಮ್ಮ. ಒಂದು ಕ್ರಿಮಿಯ ಹೆಸರು. ಕಣ್ಣಿಗೆ ಕಾಣದ ಕ್ರಿಮಿ."

ಅವಳು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು.

"ಅಂಗಾರೆ ಕ್ರಿಮೀಗ್ಯಾಕವ್ವ ಎಣ್ಣಿನ್ ಎಸ್ರು ಮಡಗವ್ರೆ? ಕಾಯ್ಲೆ ಬಂದ್ರೆ ಅದೂ ಎಂಗುಸ್ರು ತಲೇಗೇಯಾ?"

ಪರದೆಯ ಆಚೆ ನರ್ಸ್ ಒಬ್ಬರು ನಗು ತಡೆಯಲಾರದೆ ಟ್ರೇ ಬೀಳಿಸಿದರು. ನನಗೆ ಮಾತ್ರ ಆ ಮಾತು ನಗುವಿನ ಜೊತೆ ಬೇರೆಲ್ಲೋ ಹೋಗಿ ನಾಟಿತು. ಹೆಚ್ಚಿಗೆ ಏನೂ ಹೇಳದೆ, "ಮಾತ್ರೆ ನುಂಗಿದರೆ ಹೋಗುವ ಕ್ರಿಮಿ, ಆ ಡೇರಿಯವಳಿಗೂ ಇದಕ್ಕೂ ಸಂಬಂಧವಿಲ್ಲ," ಎಂದು ಆಣೆ ಮಾಡಿ ಕಳಿಸಿದೆ. ಅಂದಿನಿಂದ ನಾನು ಯಾವ ರೋಗದ ಹೆಸರನ್ನೂ ಕಾರಿಡಾರಿನಲ್ಲಿ ಆಡಿಲ್ಲ. ನೆಗಡಿಯ ಹೆಸರನ್ನೂ.

ಗಂಡ ಹೆಂಡತಿಯನ್ನು ಮೊದಲು ಬೇರೆ ಬೇರೆಯಾಗಿ, ಆಮೇಲೆ ಇಬ್ಬರೂ ಒಪ್ಪಿದ ಮೇಲೆ ಒಟ್ಟಿಗೆ ಕೂರಿಸಿದೆ. "ಈ ಕ್ರಿಮಿ ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿರಬಹುದು. ಯಾರಿಂದ ಯಾರಿಗೆ ಬಂತು ಅಂತ ನನ್ನ ಪರೀಕ್ಷೆ ಹೇಳಲ್ಲ. ಇಬ್ಬರೂ ಒಟ್ಟಿಗೆ ಮಾತ್ರೆ ತಗೋಬೇಕು. ಮುಗಿಯೋವರೆಗೆ ದೂರ ಇರಬೇಕು," ಎಂದೆ. ಮಂಜೇಗೌಡ ತಲೆ ತಗ್ಗಿಸಿ ಕೂತಿದ್ದವನು ಇದ್ದಕ್ಕಿದ್ದಂತೆ, "ನನ್ನಿಂದ್ಲೇ ಮೇಡಂ. ಅವ್ಳ್ದೇನೂ ಇಲ್ಲ," ಎಂದುಬಿಟ್ಟ.

ಸವಿತ ಅವನನ್ನೇ ನೋಡಿದಳು. ಗೋಡೆಯ ಫ್ಯಾನು ಎರಡು ಮೂರು ಸಲ ಆ ಕಡೆ ಈ ಕಡೆ ತಿರುಗುವಷ್ಟು ಹೊತ್ತು ನೋಡಿದಳು.

"ಇವ್ರ್ ಮಾತ್ರೇನೂ ನನ್ ಕೈಗೇ ಕೊಡಿ ಮೇಡಂ," ಎಂದಳು ಕೊನೆಗೆ. "ಒಂದ್ ದಿನ ತಪ್ಸುದ್ರೆ ಅವತ್ತು ಇವ್ರಿಗೆ ಮುದ್ದೆ ಇಲ್ಲ. ಮಿಕ್ಕಿದ್ ಮಾತ ನಾನು ಮನೇಲಿ ಕೇಳ್ಕತೀನಿ."

"ಕೇಳು ಕಣಮ್ಮಿ," ಎಂದ ಮಂಜೇಗೌಡ, ಬಹಳ ಸಣ್ಣ ದನಿಯಲ್ಲಿ.

ಐದನೆಯ ದಿನ ಸರ್ಜನ್ ಸಾಹೇಬರು ಸವಿತಳ ಪಕ್ಕೆಯನ್ನು ತಾವೇ ಒತ್ತಿ, "ಜೋರಾಗಿ ಉಸಿರೆಳಿ," ಎಂದರು. ಎಳೆದಳು. "ಕೆಮ್ಮು," ಎಂದರು. ಕೆಮ್ಮಿದಳು. "ನಗು," ಎಂದರು. ಆ ಸಿಡುಕು ಮೋರೆ ನಗು ಎಂದದ್ದನ್ನು ಕೇಳಿ ಇಡೀ ವಾರ್ಡೇ ನಕ್ಕಿತು, ಅವಳೂ ನಕ್ಕಳು. ನೋಯಲಿಲ್ಲ. ಅದೇ ಹೊತ್ತಿಗೆ ನಯಾಜ್ ಮೈಸೂರಿನ ವರದಿ ಹಿಡಿದು, ಬಾಯಿ ಮಾತ್ರ ಭದ್ರವಾಗಿ ಮುಚ್ಚಿಕೊಂಡು ಓಡಿಬಂದ. ಇಬ್ಬರದೂ ಪಾಸಿಟಿವ್. ಸಾಹೇಬರು ಓದಿ ಕಾಗದ ಮಡಿಸಿ ನನ್ನ ಕೈಗಿಟ್ಟು, "ಇನ್ಮೇಲೆ ಹರೆಯದ ಹೆಂಗಸರ ಪಿತ್ತಕೋಶ ಎಲ್ಲ ನಿಮ್ಮ ಮೂಲಕ ಬರಲಿ," ಎಂದರು. ನಾನೂ ನಯಾಜನೂ ಲ್ಯಾಬಿನ ಬಾಗಿಲು ಹಾಕಿಕೊಂಡು ಚಿಕ್ಕಮಕ್ಕಳಂತೆ ಕುಣಿದೆವು.

ಮಂಜೇಗೌಡನ ಮಂಡಿ ಮಾತ್ರ ಮೂರು ತಿಂಗಳು ಹಠ ಹಿಡಿದು ಆಮೇಲೆ ಇಳಿಯಿತು. ವರ್ಷದ ಮೇಲೆ ಸವಿತ ಮತ್ತೆ ಬಂದಳು, ಐದು ತಿಂಗಳ ಬಸುರಿ. ಜೊತೆಗೆ ಬಲ ಪಕ್ಕೆ ಹಿಡಿದುಕೊಂಡ ನಾದಿನಿ. "ಇವ್ಳ್ ಗಂಡನ್ನೂ ಕರ್ಕಬಂದಿವ್ನಿ ಮೇಡಂ, ಮಂಡಿ ನೋಡಿ," ಎಂದಳು. ಮಂಡಿ ಗಟ್ಟಿಮುಟ್ಟಾಗಿತ್ತು. ನಾದಿನಿಯ ಪಿತ್ತಕೋಶದಲ್ಲಿ ಗೋಲಿಯಂಥ ಕಲ್ಲುಗಳಿದ್ದವು. ಸಾಹೇಬರಿಗೆ ಹಬ್ಬ.

ಇಂಥ ಗೆಲುವು ತಲೆಗೇರದೆ ಇರುತ್ತದೆಯೇ? ಪಾಂಡವಪುರಕ್ಕೆ ವರ್ಗವಾಗಿ ಹೋಗುವ ಹೊತ್ತಿಗೆ ನನಗೆ ಎಲ್ಲ ಕಡೆ ಕ್ಲಮಿಡಿಯಾವೇ ಕಾಣುತ್ತಿತ್ತು. ಅಲ್ಲಿ ಚಿನ್ನದ ಕೆಲಸದ ಒಬ್ಬ ಆಚಾರ್ರು ಬಂದರು. ಎರಡು ವಾರದಿಂದ ಜ್ವರ, ಕೆಮ್ಮು, ತಲೆನೋವು. ಅಂಗಿಯ ಭುಜದ ಮೇಲೆ ಹಕ್ಕಿಯ ಹಿಕ್ಕೆಯಂಥ ಕಲೆ. ಈ ಕ್ರಿಮಿಯ ದಾಯಾದಿಯೊಂದು ಗಿಳಿ, ಬಾತುಕೋಳಿಗಳಿಂದ ಮನುಷ್ಯರ ಶ್ವಾಸಕೋಶಕ್ಕೆ ಬರುತ್ತದೆ. ಅದಕ್ಕೂ ಗುಪ್ತರೋಗಕ್ಕೂ ಸಂಬಂಧವಿಲ್ಲ. ನಾನು ಕಣ್ಣರಳಿಸಿ ಕೇಳಿದೆ: "ಮನೇಲಿ ಗಿಳಿ ಸಾಕಿದ್ದೀರಾ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ಒಟ್ಟಿಗೆ, "ಇಲ್ಲ," ಎಂದರು. ಅಷ್ಟು ಒಟ್ಟಿಗೆ ಯಾರೂ ನಿಜ ಹೇಳುವುದಿಲ್ಲ. ಸಂಜೆ ಅವರ ಮನೆಗೇ ಹೋದೆ. ಹಜಾರದ ಮೂಲೆಯಲ್ಲಿ ಸೀರೆ ಹೊದಿಸಿದ ಒಂದು ಗುಡ್ಡೆ. ನಾನು ಕಾಫಿ ಬೇಡವೆನ್ನುವಷ್ಟರಲ್ಲಿ ಗುಡ್ಡೆಯೇ, "ಬನ್ನಿ, ಕೂತ್ಕಳಿ," ಎಂದಿತು!

ಆಚಾರ್ರ ಹೆಂಡತಿ ಅಳುವುದೊಂದು ಬಾಕಿ. "ಗಿಣಿ ಸಾಕುದ್ರೆ ಕೇಸಾಯ್ತದಂತೆ. ಅರಣ್ಯ ಇಲಾಖೆಗೆ ಏಳ್ಬುಡ್ಬೇಡಿ ಮೇಡಂ."

ನಾನು ಪತ್ತೇದಾರನಂತೆ ಇಲ್ಲದ ಮೀಸೆ ತಿರುವುತ್ತಾ ಮನೆಗೆ ಬಂದೆ, ಗಿಳಿಯ ರೋಗಕ್ಕೆ ಮಾತ್ರೆ ಬರೆದೆ. ಕಫ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು, ಅದನ್ನು ಮೂರನೆಯ ದಿನ ನೆನಪಿಸಿಕೊಂಡೆ. ನನಗಿಂತ ಮೊದಲೇ ಅಲ್ಲಿಗೆ ವರ್ಗವಾಗಿದ್ದ ನಯಾಜ್ ಸ್ಲೈಡು ನೋಡಿ ಬಂದು ತಲೆ ಕೆರೆದುಕೊಂಡ.

"ಮೇಡಂ, ಗಿಳಿ ಬೇಕಸೂರ್, ಅದರದೇನೂ ತಪ್ಪಿಲ್ಲ. ಟಿ.ಬಿ. ಇದೆ."

ಮೂರು ದಿನ ತಡವಾದದ್ದು ನನ್ನ ಹುಮ್ಮಸ್ಸಿನಿಂದ. ಆಚಾರ್ರಿಗೆ ಅದನ್ನು ಹಾಗೆಯೇ ಹೇಳಿ ಕ್ಷಮೆ ಕೇಳಿದೆ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ಅವರು ಗುಣವಾದರು. ನಮ್ಮ ಭಾಗದಲ್ಲಿ ಕೆಮ್ಮಿದವರಿಗೆ ಮೊದಲು ಕಫ ನೋಡಿ, ಆಮೇಲೆ ಗಿಳಿ ನೋಡಿ. ಅಪರೂಪದ್ದನ್ನು ನೆನಪಿಡಿ, ಆದರೆ ಅದನ್ನು ಮದುವೆಯಾಗಬೇಡಿ.

ಕೊನೆಯದೊಂದು, ಶ್ರೀರಂಗಪಟ್ಟಣದ್ದು. ಇದರಲ್ಲಿ ರೋಗಿ ನಾನೇ.

ನಿವೃತ್ತಿಯ ಮರುವರ್ಷ ನನ್ನ ಬಲಗಣ್ಣು ಕೆಂಪಾಯಿತು. ವೈದ್ಯರು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯವನ್ನು ನಾನೂ ಮಾಡಿಕೊಂಡೆ. ಮನೆಯಲ್ಲಿದ್ದ ಡ್ರಾಪ್ಸ್ ಹಾಕಿಕೊಂಡೆ, ಹೋಗದಿದ್ದಾಗ ಇನ್ನೊಂದನ್ನು ಹಾಕಿಕೊಂಡೆ. ಆರು ವಾರವಾಯಿತು. ನನ್ನ ಯಜಮಾನರು ನಿವೃತ್ತ ಗಣಿತದ ಮೇಷ್ಟ್ರು. ಅವರೇ ಬೈದು ಒಬ್ಬ ಹೊಸ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಹುಡುಗನಿಗೆ ಮೂವತ್ತೂ ಆಗಿರಲಿಲ್ಲ. ನನ್ನ ರೆಪ್ಪೆ ಮಗುಚಿ ನೋಡಿದ. ಕಿವಿಯ ಮುಂದಿನ ಗಂಟು ಮುಟ್ಟಿ ನೋಡಿದ. ಒಂದೇ ಕಣ್ಣು, ಆರು ವಾರ, ಡ್ರಾಪ್ಸಿಗೆ ಜಗ್ಗಿಲ್ಲ. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಗೊತ್ತಾಯಿತು. ಕೇಳುತ್ತಾನೋ? ಅರವತ್ತು ದಾಟಿದ, ಕುಂಕುಮವಿಟ್ಟ ಹೆಂಗಸನ್ನು, ಅದೂ ಹಿರಿಯ ಡಾಕ್ಟರನ್ನು, ಕೇಳುವಷ್ಟು ಧೈರ್ಯ ಇದೆಯೋ?

"ಸರ್, ನೀವು ಎರಡು ನಿಮಿಷ ಹೊರಗೆ ಕೂತಿರ್ತೀರಾ?" ಎಂದು ಯಜಮಾನರನ್ನು ಕಳಿಸಿ ಬಾಗಿಲು ಹಾಕಿದ. ಕುರ್ಚಿ ಹತ್ತಿರ ಎಳೆದುಕೊಂಡ. ಕಿವಿ ಕೆಂಪಾಗಿದ್ದವು, ದನಿ ಮಾತ್ರ ನೆಟ್ಟಗಿತ್ತು.

"ಮೇಡಂ, ಇದನ್ನ ನಾನು ಇಂಥ ಕಣ್ಣಿರೋ ಎಲ್ಲರನ್ನೂ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಕೆಲವು ಸಲ ಗುಪ್ತರೋಗದ ಕ್ರಿಮಿ ಕಣ್ಣಿಗೂ ಬರುತ್ತೆ. ನಿಮಗೆ ಅಥವಾ ನಿಮ್ಮ ಸಂಗಾತಿಗೆ..."

ಅವನು ಮುಗಿಸುವ ಮೊದಲೇ ನನಗೆ ನಗು ಬಂತು. ತಡೆಯಲಾರದ ನಗು, ಕೆಂಪುಗಣ್ಣಿನಿಂದಲೂ ನೀರು ಸುರಿಯುವ ನಗು. ಹುಡುಗ ಗಾಬರಿಯಾಗಿ ಎದ್ದು ನಿಂತ. ಅವನ ಕೈ ಹಿಡಿದು, "ಚೆನ್ನಾಗಿ ಕೇಳಿದೆಯಪ್ಪ, ಬಹಳ ಚೆನ್ನಾಗಿ ಕೇಳಿದೆ. ಪರೀಕ್ಷೆಗೂ ಬರಿ," ಎಂದೆ. ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ತಾನಾಗಿ ಹೋಗಬೇಕಿದ್ದ ಕೆಂಪು, ನಾನೇ ಹಾಕಿಕೊಂಡಿದ್ದ ಡ್ರಾಪ್ಸು ಒಗ್ಗದೆ ಉಳಿದುಕೊಂಡಿತ್ತು, ಅಷ್ಟೆ. ಅದು ಆಮೇಲೆ ತಿಳಿದದ್ದು.

ಹೊರಗೆ ಬಂದೆ. ಯಜಮಾನರು ಪೇಪರು ಮಡಿಸಿ, "ಏನಂತೆ? ಯಾಕೆ ಅಷ್ಟು ನಗು?" ಎಂದರು. ಕಣ್ಣೊರೆಸಿಕೊಳ್ಳುತ್ತಾ ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ.

ಮೇಷ್ಟ್ರು ಲೆಕ್ಕ ಬಿಡಿಸುವ ಮುಖದಲ್ಲಿ ಒಂದು ಗಳಿಗೆ ಕೂತರು. ಆಮೇಲೆ ಎದ್ದು ಪಂಚೆ ಸರಿಮಾಡಿಕೊಂಡು ನೇರ ಬಾಗಿಲ ಕಡೆ ನಡೆದರು.

"ರೀ, ಎಲ್ಲಿಗೆ?"

"ನಿನ್ನನ್ನ ಒಬ್ಬಳನ್ನೇ ಕೇಳಿ ಕಳಿಸಿದರೆ ಹೇಗೆ?" ಎಂದು ಬಾಗಿಲು ತಟ್ಟಿದರು. "ಡಾಕ್ಟ್ರೇ, ನನ್ನನ್ನೂ ಕೇಳಿ."